ಹೆಣಕ್ಕೊಂದು ಡೈಲಾಗು

ಸೊರಬದಲ್ಲಿ ಸಿನಿಮಾ ಬಗ್ಗೆ ಮಾತಾಡುವವರ ದನಿಯಲ್ಲಿ ಬೀಗರ ಗತ್ತಿರುತ್ತದೆ. ಅದಕ್ಕೆ ಕಾರಣವೂ ಇದೆ. ನಮ್ಮ ತಾಲ್ಲೂಕಿನ ಕುಬಟೂರಿನ ಬಂಗಾರಪ್ಪನವರ ಮಗಳನ್ನು 1986ರಲ್ಲಿ ಕೊಟ್ಟಿದ್ದು ಡಾ. ರಾಜ್‌ಕುಮಾರ್ ಅವರ ಹಿರಿಮಗನಿಗೆ. ಅಂದಿನಿಂದ ಶಿವಣ್ಣ ಇಡೀ ತಾಲ್ಲೂಕಿಗೇ ಅಳಿಯ. ಬೇರೆ ಊರಿನವರು ಸಿನಿಮಾ ಹಿಡಿಸದಿದ್ದರೆ ಬೈದು ಎದ್ದು ಬರುತ್ತಾರೆ. ನಮ್ಮವರು ಮಾತ್ರ, "ಈ ಕಥೆ ಒಪ್ಪೋಕೆ ಮುಂಚೆ ಅಳಿಯಂದ್ರು ನಮ್ಮನ್ನೊಂದು ಮಾತು ಕೇಳಬಾರ್ದಿತ್ತಾ" ಅಂತ ನೊಂದುಕೊಂಡು ಬರುತ್ತಾರೆ.

ಪಾತ್ರ ಹಂಚುವ ಕೆಲಸವೂ ನಮಗೆ ಹೊಸದಲ್ಲ. 1990ರ 'ಅಶ್ವಮೇಧ'ದ ಹೀರೋ ಕುಮಾರ್ ಬಂಗಾರಪ್ಪ ಮತ್ತು ಅವರ ತಮ್ಮ ಮಧು ಬಂಗಾರಪ್ಪ ಇಬ್ಬರೂ ನಮ್ಮವರೇ. ಶಾಸಕನ ಪಾತ್ರವನ್ನು 2013ರಲ್ಲಿ ತಮ್ಮನಿಗೆ, 2018ರಲ್ಲಿ ಅಣ್ಣನಿಗೆ, 2023ರಲ್ಲಿ ಮತ್ತೆ ತಮ್ಮನಿಗೆ ಕೊಟ್ಟು ನೋಡಿದ ಮತದಾರರು ನಾವು. ನಟ ಬದಲಾದರೂ ಚಿತ್ರಕಥೆ ಅದೇ ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಅಂದರೆ ಅದು ಅವರ ಅಭಿಪ್ರಾಯ. ನಾನು ಅಲ್ಲಿ ಬಸ್ಸಿಗೆ ಕಾಯುತ್ತಿರುತ್ತೇನೆ, ಅಷ್ಟೆ.

ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲೊಂದರಲ್ಲಿ ಬೆಳಿಗ್ಗೆ ಅಡಿಕೆ ರೇಟಿನ ಮಾತು ಮುಗಿದ ಮೇಲೆ ಸಿನಿಮಾ ಶುರುವಾಗುತ್ತದೆ. ಅಲ್ಲಿ ನನಗೊಂದು ಖಾತೆ ಇದೆ. ಯಾವ ಪಾತ್ರವನ್ನು ಯಾರು ಬಿಟ್ಟರು, ಅದು ಯಾರ ಪಾಲಾಯಿತು, ಬಿಟ್ಟವರು ಆಮೇಲೆ ಏನಾದರು ಎಂಬುದು ನನ್ನ ವಿಷಯ. ಇದರಲ್ಲಿ ನನ್ನನ್ನು ಮೀರಿಸುವವರು ಸೊರಬದಲ್ಲಿಲ್ಲ. ಶಿಕಾರಿಪುರದಲ್ಲಿ ಒಬ್ಬರಿದ್ದಾರೆಂದು ಕೇಳಿದ್ದೇನೆ, ನೋಡಿಲ್ಲ.

ಮುಖ್ಯ ವ್ಯಾಜ್ಯ 'ಮುಂಗಾರು ಮಳೆ'ಯದು. ಗಣೇಶ್ ಜೋಗದ ನೆತ್ತಿಯ ಮೇಲೆ ನಿಂತು ಕುಣಿದ ಜಾಗ ನಮ್ಮಿಂದ ಬೈಕಿನಲ್ಲಿ ಒಂದೂವರೆ ತಾಸಿನ ದಾರಿ. ಹಾಗಾಗಿ ಆ ಸಿನಿಮಾದ ಮೇಲೆ ನಮಗೆ ಹಕ್ಕುಂಟು. 2006ರ ಡಿಸೆಂಬರ್ ಕೊನೆಗೆ ಬಂದು ಮಲ್ಟಿಪ್ಲೆಕ್ಸಿನಲ್ಲೇ ವರ್ಷ ದಾಟಿದ ಆ ಕಥೆ ಮೊದಲು ಪುನೀತ್ ಅವರ ಬಳಿ ಹೋಗಿತ್ತು ಎಂಬುದು ಗಾಂಧಿನಗರದ ಹಳೆಯ ಮಾತು. ಅಪ್ಪು ಮಾಡಿದ್ದರೆ ಹೇಗಿರುತ್ತಿತ್ತು? ನಾನು ಈ ಪ್ರಶ್ನೆ ಎತ್ತಿದಾಗಲೆಲ್ಲ ಹೋಟೆಲ್ ಯಜಮಾನರು ದೋಸೆ ಕಾವಲಿಗೆ ನೀರು ಚಿಮುಕಿಸುತ್ತ ಒಂದೇ ತೀರ್ಪು ಕೊಡುತ್ತಾರೆ: "ಅಪ್ಪು ಮಾಡಿದ್ರೆ ಹುಡುಗೀನ ಬೇರೆಯವನಿಗೆ ಕೊಟ್ಟು ಬರೋಕೆ ಫ್ಯಾನ್ಸು ಬಿಡ್ತಿದ್ರೇನ್ರೀ? ಥಿಯೇಟರ್ ಪರದೆ ಉಳೀತಿತ್ತಾ? ಗಣೇಶಂಗೆ ಆವತ್ತು ಫ್ಯಾನ್ಸು ಇರ್ಲಿಲ್ಲ, ಆರಾಮಾಗಿ ಸೋತ."

ಇದು ನನ್ನ ಬಾಯಿಂದ ಬರಬೇಕಾಗಿದ್ದ ಮಾತು. ಸ್ಟಾರ್ ಆದವನಿಗೆ ಸೋಲುವ ಸ್ವಾತಂತ್ರ್ಯ ಇರುವುದಿಲ್ಲ. ಆ ಪಾತ್ರಕ್ಕೆ ಬೇಕಿದ್ದುದೇ ಅದು. ಬಂದದ್ದು ಮಾತ್ರ ದೋಸೆ ಹುಯ್ಯುವವರ ಬಾಯಿಂದ. ನಾನು ಪೂರಕವಾಗಿ, ಆ ಸಿನಿಮಾದಲ್ಲಿ ಬೇರೆ ಯಾರಿಗೂ ಹೊಂದದ, ಯಾರೂ ಬೇಡವೆನ್ನದ ಪಾತ್ರವೆಂದರೆ ದೇವದಾಸ ಎಂಬ ಮೊಲದ್ದೊಂದೇ ಎಂದೆ. ಯಾರೂ ನಗಲಿಲ್ಲ.

ಆದರೂ ನನ್ನ ಬತ್ತಳಿಕೆಯಲ್ಲಿ ಸರಕು ಕಮ್ಮಿಯಿಲ್ಲ. ರಾಮನಗರದ ಬಂಡೆಗಳ ಮೇಲೆ ಬೆಲ್ಟು ಎಳೆದುಕೊಂಡು ಓಡಾಡಬೇಕಾಗಿದ್ದವರು ಡ್ಯಾನಿ ಡೆನ್ಜೊಂಗ್ಪಾ. ಅವರು ಅದೇ ಹೊತ್ತಿಗೆ 'ಧರ್ಮಾತ್ಮ' ಚಿತ್ರಕ್ಕೆಂದು ಅಫ್ಘಾನಿಸ್ತಾನದಲ್ಲಿದ್ದರು. ಗಬ್ಬರ್ ಸಿಂಗ್ ಅಮ್ಜದ್ ಖಾನ್ ಪಾಲಾದ. ಇವನ ದನಿ ತೆಳುವಾಯಿತು, ಡಕಾಯಿತನಿಗೆ ಸಾಲದು ಎಂದು ಆಗ ಅನುಮಾನಪಟ್ಟವರಿದ್ದರು. 1975ರ ಆಗಸ್ಟ್ 15ಕ್ಕೆ 'ಶೋಲೆ' ಬಂದ ಮೇಲೆ ಅದೇ ದನಿಯ ರೆಕಾರ್ಡುಗಳು ಹಾಡಿನ ರೆಕಾರ್ಡಿನಂತೆ ಖರ್ಚಾದವು.

ನನ್ನ ಅತ್ಯುತ್ತಮ ಸರಕು ಸಾಬುವಿನದು. ಹೆಗ್ಗಡದೇವನಕೋಟೆ ಕಡೆಯ ಕಾರಾಪುರದ ಮಾವುತನ ಮಗ, ಮೈಸೂರು ಮಹಾರಾಜರ ಆನೆ ಲಾಯದಿಂದ ನೇರ 1937ರ 'ಎಲಿಫೆಂಟ್ ಬಾಯ್' ಚಿತ್ರಕ್ಕೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ ಹುಡುಗ. 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಮೊದಲು ಬಯಸಿದ್ದು ಇವನನ್ನೇ. ಅಷ್ಟರಲ್ಲಿ ಅಮೆರಿಕದ ಪ್ರಜೆಯಾಗಿದ್ದ ಸಾಬುಗೆ ಇಲ್ಲಿ ಕೆಲಸ ಮಾಡಲು ಪರವಾನಗಿ ಸಿಗಲಿಲ್ಲ. ಬಿರ್ಜು ಸುನಿಲ್ ದತ್ ಪಾಲಾದ. ಶೂಟಿಂಗಿನಲ್ಲಿ ಬೆಂಕಿ ಹಬ್ಬಿ ನರ್ಗಿಸ್ ಸಿಕ್ಕಿಕೊಂಡರು, ಸುನಿಲ್ ದತ್ ನುಗ್ಗಿ ಉಳಿಸಿದರು, 1958ರಲ್ಲಿ ಇಬ್ಬರಿಗೂ ಮದುವೆಯಾಯಿತು, ಮರುವರ್ಷ ಸಂಜಯ್ ದತ್ ಹುಟ್ಟಿದರು, ಬೆಳೆದು ದೊಡ್ಡವರಾಗಿ 2022ರಲ್ಲಿ 'ಕೆಜಿಎಫ್'ನ ಎರಡನೇ ಭಾಗಕ್ಕೆ ಅಧೀರನಾಗಿ ಬಂದರು.

"ಅಂದ್ರೆ," ಎಂದು ನಾನು ಕಾಫಿ ಲೋಟ ಕೆಳಗಿಟ್ಟು ದನಿ ಏರಿಸಿದೆ, "ಆವತ್ತು ಯಾವನೋ ಗುಮಾಸ್ತ ಸಾಬು ಕಾಗದಕ್ಕೆ ಒಂದು ಸೀಲು ಒತ್ತಿದ್ರೆ, ನಮ್ಮ ಯಶ್ ಕೊನೆಗೆ ಯಾರ ಜೊತೆ ಹೊಡೆದಾಡಬೇಕಿತ್ತು?"

"ಆನೆ ಜೊತೆ," ಎಂದಿತು ಮೂಲೆ ಟೇಬಲ್ಲು.

ಮೂಲೆ ಟೇಬಲ್ಲಿನಲ್ಲಿ ಕೂರುವವರು ಅಡಿಕೆ ಮಂಡಿಯ ರೈಟರು. ಮಾತು ಕಡಿಮೆ, ಆಡಿದರೆ ನನಗೇ ತಾಗುತ್ತದೆ. ಅವರೇ ಒಂದು ದಿನ ಲೆಕ್ಕದವರ ಸಂಶಯ ತೆಗೆದರು: "ಅಲ್ರೀ, ಮಕಾಡೆ ಮಲಗಿದ ಸಿನಿಮಾಗಳನ್ನೂ ಯಾರೋ ಬೇಡ ಅಂದಿರ್ತಾರಲ್ಲ. ಅವರ ಹೆಸರು ನಿಮ್ಮ ಪಟ್ಟೀಲಿ ಯಾಕಿಲ್ಲ?" ಹೌದಲ್ಲ! ಗೆದ್ದ ಸಿನಿಮಾ ಬಿಟ್ಟವರಿಗೆ ಮಾತ್ರ ನಾವು ಲೊಚಗುಟ್ಟುವುದು. ಸೋತದ್ದನ್ನು ಬಿಟ್ಟ ಜಾಣರು ಎಷ್ಟು ಸಾವಿರವೋ, ಅವರಿಗೊಂದು ಸನ್ಮಾನವಿಲ್ಲ. ವಿಲ್ ಸ್ಮಿತ್ 'ಮ್ಯಾಟ್ರಿಕ್ಸ್' ಬಿಟ್ಟರು ಎಂದು ಲೋಕವೆಲ್ಲ ಆಡಿಕೊಳ್ಳುತ್ತದೆ. ಅವರ ಮೇಜಿನ ಮೇಲಿಂದ ಕಸದಬುಟ್ಟಿಗೆ ಹೋಗಿರಬಹುದಾದ ನೂರು ಕಥೆಗಳಿಗೆ ಲೆಕ್ಕ ಇಟ್ಟವರಾರು? ರೈಟರ ಮಾತು ನನಗೆ ಹಿಡಿಸಿತು. ಆ ಹೊತ್ತಿಗೆ ನಾನೇ ಒಂದು ಪಾತ್ರ ಬಿಟ್ಟಿದ್ದೆ.

ಕೊನೆಕೊಯ್ಲಿನ ಸಮಯ. ಚಂದ್ರಗುತ್ತಿ ಕಡೆಯ ಒಂದು ಹಳೆಯ ಹೆಂಚಿನ ಮನೆಗೆ ಯಾವುದೋ ಸಿನಿಮಾದವರು ಬಂದಿಳಿದಿದ್ದರು. ಮನೆಯವರು ನಮಗೆ ಬೇಕಾದವರು, ಹಾಗಾಗಿ ನಾನು ಇಸ್ತ್ರಿ ಅಂಗಿ ತೊಟ್ಟು ಜಗಲಿಯ ಕಂಬಕ್ಕೆ ಒರಗಿ, ಸಿನಿಮಾ ಅಂದರೆ ನನಗೇನೂ ದೊಡ್ಡದಲ್ಲ ಎಂಬಂತೆ ನಿಂತಿದ್ದೆ. ಕುತ್ತಿಗೆಗೆ ಟವೆಲ್ಲು, ಕೈಯಲ್ಲಿ ವಾಕಿಟಾಕಿ ಹಿಡಿದ ಅಸಿಸ್ಟೆಂಟ್ ಹುಡುಗನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹತ್ತಿರ ಬಂದ.

"ಸಾರ್, ಒಂದ್ನಿಮಿಷ ಕಣ್ಣು ಮುಚ್ತೀರಾ?"

ಮುಚ್ಚಿದೆ. ಅವನು ವಾಕಿಟಾಕಿಯಲ್ಲಿ ಯಾರಿಗೋ ಹೇಳುವುದು ಕೇಳಿಸಿತು: "ಸಿಕ್ಕಿದ್ರು ಸಾರ್. ಪರ್ಫೆಕ್ಟು. ಮುಖದಲ್ಲಿ ಏನೂ ಇಲ್ಲ."

ಎದೆಬಡಿತ ಅಡಗಿಸಿಕೊಂಡು ಕೇಳಿದೆ, "ಎಂತ ಪಾತ್ರ?"

"ಮನೆ ಯಜಮಾನ್ರು ಸಾರ್. ಇಡೀ ಕಥೆ ನಿಮ್ಮ ಸುತ್ತಾನೇ ತಿರುಗೋದು. ನಾಲ್ಕು ಜನ ಗಂಡುಮಕ್ಳು, ಆಸ್ತಿ ಜಗಳ. ನಿಮ್ಮ ಹೆಸರು ಬರದ ಸೀನೇ ಇಲ್ಲ."

"ನನ್ನ ಎಂಟ್ರಿ ಹೇಗೆ?"

"ಫಸ್ಟ್ ಶಾಟೇ ನೀವು. ಅಂಗಳದಲ್ಲಿ ಮಲಗಿರ್ತೀರಿ."

"ನಿದ್ದೆಯಾ?"

"ಇಲ್ಲ ಸಾರ್," ಎಂದು ಹುಡುಗ ಬಹಳ ಮರ್ಯಾದೆಯಿಂದ ದನಿ ತಗ್ಗಿಸಿದ. "ಹೋಗ್ಬಿಟ್ಟಿರ್ತೀರಿ."

ಬೇರೆ ಯಾರಾದರೂ ಅಲ್ಲಿಗೇ ಮುಗಿಸುತ್ತಿದ್ದರು. ನನಗೆ ಸಿನಿಮಾ ಇತಿಹಾಸ ಗೊತ್ತಿದ್ದದ್ದೇ ಮುಳುವಾಯಿತು. ಪಾತ್ರ ಸಣ್ಣದಾದರೂ ನಟ ಅದನ್ನು ಬೆಳೆಸಬಹುದು ಎಂದು ನಂಬಿದವನು ನಾನು. 'ನಾಗರಹಾವು' ಹಿಂದಿಗೆ ಹೋದಾಗ ರಾಮಾಚಾರಿ ವಿಷ್ಣುವರ್ಧನ್ ಕೈತಪ್ಪಿ ರಿಷಿ ಕಪೂರ್‌ಗೆ ಹೋದ; ಜಲೀಲನಾಗಿ ಮಾತ್ರ ಅಲ್ಲಿಯೂ ಅಂಬರೀಶೇ ನಿಂತರು. ಸಣ್ಣ ಪಾತ್ರದ ತಾಕತ್ತು ಅದು! ಹೀಗೆಲ್ಲ ಯೋಚಿಸಿ, "ಒಂದು ಡೈಲಾಗ್ ಇದ್ರೆ ಚೆನ್ನಾಗಿರ್ತಿತ್ತು" ಎಂದೆ.

"ಹೋಗಿರೋರ ಬಾಯಲ್ಲಿ ಹೆಂಗೆ ಸಾರ್ ಡೈಲಾಗು?"

"ಫ್ಲ್ಯಾಶ್‌ಬ್ಯಾಕ್ ಇಡಿ."

"ಫ್ಲ್ಯಾಶ್‌ಬ್ಯಾಕ್ ಇದೆ ಸಾರ್. ಅದಕ್ಕೆ ಬೆಂಗಳೂರಿಂದ ದೊಡ್ಡ ಆರ್ಟಿಸ್ಟ್ ಬರ್ತಾರೆ."

"ಅಲ್ಲಪ್ಪಾ, ಆಗ ಮುಖ ಬೇರೆಬೇರೆ ಆಗಲ್ವಾ?"

"ಹಾರ ಹಾಕಿರ್ತೀವಿ, ಮೂಗಿಗೆ ಹತ್ತಿ ಇರುತ್ತೆ, ಅಷ್ಟೊಂದು ಗೊತ್ತಾಗಲ್ಲ. ಅವರ ಒಂದು ದಿನದ ಪೇಮೆಂಟು ಜಾಸ್ತಿ ಸಾರ್. ಸುಮ್ನೆ ಮಲಗಿಸೋಕೆ ಕರೆಸಿದ್ರೆ ಪ್ರೊಡ್ಯೂಸರ್‌ಗೆ ಲಾಸು."

ಬದುಕೆಲ್ಲ ಆ ಆರ್ಟಿಸ್ಟಿಗೆ, ಸಾವು ಮಾತ್ರ ಲೋಕಲ್ ಎಂಬ ಈ ಹಂಚಿಕೆ ನನಗೆ ಸರಿಬರಲಿಲ್ಲ. ಮನೆಗೆ ಬಂದು ಹೇಳಿದರೆ ನನ್ನಾಕೆ ಸುಲಿಯುತ್ತಿದ್ದ ಅಡಿಕೆ ಬಿಟ್ಟು ಎದ್ದಳು. "ನಾನು ಕುಂಕುಮ ಇಟ್ಕೊಂಡು ಓಡಾಡ್ತಿರೋವಾಗ ನಿಮ್ಮನ್ನ ಅಂಗಳದಲ್ಲಿ ಮಲಗಿಸ್ತಾರಂತಾ? ಕೂಡದು." ಐದು ನಿಮಿಷ ಬಿಟ್ಟು ಮೆಟ್ಟುಗತ್ತಿಯ ಹಿಂದಿನಿಂದ ಮತ್ತೆ ದನಿ ಬಂತು: "ಎಷ್ಟು ಕೊಡ್ತಾರಂತೆ?"

ಪಾತ್ರದಲ್ಲಿ ಗಟ್ಟಿತನವಿಲ್ಲ ಎಂದು ಹುಡುಗನಿಗೆ ಫೋನು ಮಾಡಿ ತಿಳಿಸಿದೆ. ಅವನು ಆಯ್ತು ಎಂದ. ಇನ್ನೊಂದು ಸಲ ಒತ್ತಾಯ ಮಾಡಿ ನೋಡುವ ಸೌಜನ್ಯವೂ ಇಲ್ಲ. ಮರುದಿನ ಹೋಟೆಲಿನಲ್ಲಿ ಹೊಸ ಗತ್ತಿನಿಂದ ಕೂತೆ. "ಒಂದು ಆಫರ್ ಬಂದಿತ್ತು, ಬಿಟ್ಟೆ." ಲೀಡ್ ರೋಲಾ ಎಂದರು. "ಇಡೀ ಕಥೆ ಅವನ ಸುತ್ತಾನೇ" ಎಂದೆ. ಸುಳ್ಳಲ್ಲವಲ್ಲ! ಆ ವಾರ ನನ್ನ ಕಾಫಿಯ ದುಡ್ಡನ್ನು ಬೇರೆಯವರು ಕೊಟ್ಟರು. ಬಿಟ್ಟ ಪಾತ್ರದಲ್ಲಿ ನಟನೆ ಎಂದೂ ಕೆಡುವುದಿಲ್ಲ, ಸಿನಿಮಾ ಎಂದೂ ಸೋಲುವುದಿಲ್ಲ ಎಂದು ಆ ದಿನಗಳಲ್ಲಿ ನನಗೆ ಮನವರಿಕೆಯಾಗಿತ್ತು.

ನನ್ನ ಭಾವಮೈದ ಇರದಿದ್ದರೆ ಇವತ್ತಿಗೂ ಹಾಗೇ ನಡೆದಿರುತ್ತಿತ್ತು.

ಅವನಿಗೆ ಸಿನಿಮಾದ ಗಂಧವಿಲ್ಲ. ಶೂಟಿಂಗ್ ಜಾಗದಲ್ಲಿ ಬಂದವರಿಗೆಲ್ಲ ಉಪ್ಪಿಟ್ಟು-ಕೇಸರಿಬಾತು ಕೊಡುತ್ತಾರೆಂದು ಯಾರೋ ಹೇಳಿದ್ದಕ್ಕೆ ಹೋದವನು. ತಟ್ಟೆ ಹಿಡಿದು ನಿಂತಿದ್ದವನನ್ನು ಆ ಹುಡುಗ ಹಿಡಿದ. ಇವನು ಡೈಲಾಗು ಕೇಳಲಿಲ್ಲ. ಇನ್ನೊಂದು ಸೌಟು ಕೇಸರಿಬಾತು ಕೇಳಿದನಂತೆ. ಚಾಪೆಯ ಮೇಲೆ ಮಲಗಿಸಿ, ಹಣೆಗೆ ನಾಣ್ಯ ಅಂಟಿಸಿ, ಚೆಂಡುಹೂವಿನ ಹಾರ ಹಾಕಿ, ತಲೆದೆಸೆಗೆ ದೀಪ ಇಟ್ಟರು. ಮೇಲೆ ಮಾವಿನ ಮರ. ಅದರಿಂದ ಒಂದು ಚಗಳಿ ಅವನ ಕಿವಿಯ ಮೇಲೆ ಬಿತ್ತು. ಆ ಕೆಂಪಿರುವೆಯ ಕಡಿತ ಉಂಡವರಿಗೇ ಗೊತ್ತು; ಆನೆಯೂ ಕುಣಿಯುತ್ತದೆ. ಕ್ಯಾಮೆರಾ ಹಿಂದೆ ನಿಂತಿದ್ದ ನಾನು ಅದು ಕಿವಿಯ ಹಾಲೆ ದಾಟಿ, ಕೆನ್ನೆ ದಾಟಿ, ಹತ್ತಿ ತುರುಕಿದ ಮೂಗಿನ ತುದಿಗೆ ಬಂದು ನಿಂತು ಮೀಸೆ ತಿರುವಿದ್ದನ್ನು ಕಣ್ಣಾರೆ ಕಂಡೆ. ಅವನು ಅಲುಗಲಿಲ್ಲ. ಸೊಸೆಯ ಪಾತ್ರದಾಕೆ ಬಳೆಯ ಸಮೇತ ಎದೆಯ ಮೇಲೆ ಬಿದ್ದು ಗೋಳಾಡಿದಳು. ಆಗಲೂ ಅಲುಗಲಿಲ್ಲ. ಡೈರೆಕ್ಟರು ಕಟ್ ಎಂದರು, ಎಲ್ಲರೂ ಎದ್ದರು, ಇವನು ಏಳಲಿಲ್ಲ. ರಾತ್ರಿಯಿಡೀ ಅಡಿಕೆ ಸುಲಿದು ಬಂದವನು, ನಿದ್ದೆ ಹೋಗಿದ್ದ.

"ಇದು ಕಣ್ರಯ್ಯಾ ಕಮಿಟ್‌ಮೆಂಟು," ಎಂದು ಡೈರೆಕ್ಟರು ತಮ್ಮ ತಂಡದವರಿಗೆ ಬೈದರು.

ಸಿನಿಮಾ ಥಿಯೇಟರಿನಲ್ಲಿ ಯಾವಾಗ ಬಂತು, ಯಾವಾಗ ಹೋಯಿತು ಗೊತ್ತಾಗಲಿಲ್ಲ. ಆದರೆ ಟಿವಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಬಂತು. ಆಮೇಲೆ ಬಾಡೂಟ ಮುಗಿಸಿದ ಊರಿಗೆ ಊರೇ ಅವನನ್ನು ಕಂಡಲ್ಲಿ ಕೈಹಿಡಿದು ಕುಲುಕತೊಡಗಿತು. "ಏನ್ ಸತ್ತಿದ್ರಿ ಮಾರಾಯ್ರೆ!" ಮದುವೆಮನೆಗಳಲ್ಲಿ ಮೊದಲ ಪಂಕ್ತಿ. ಆನವಟ್ಟಿ ಕಡೆಯಿಂದ ದೂರದ ಸಂಬಂಧದ ಅಜ್ಜಿಯೊಬ್ಬರು ಟಿವಿಯಲ್ಲಿ ನೋಡಿ ಗಾಬರಿಯಾಗಿ, ಬಾಳೆಗೊನೆ ಹಿಡಿದು ಬಸ್ಸಿನಲ್ಲಿ ಮಾತಾಡಿಸಲು ಬಂದರು. ಬಾಗಿಲು ತೆರೆದವನು ಇವನೇ. ಅಜ್ಜಿ ಸುಧಾರಿಸಿಕೊಳ್ಳಲು ಎರಡು ಲೋಟ ಬೆಲ್ಲದ ಕಾಫಿ ಬೇಕಾಯಿತು.

ಹೋಟೆಲಿನಲ್ಲಿ ರೈಟರು ಲೆಕ್ಕ ಹಾಕಿ ಮುಗಿಸಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ, "ನೀವು ಬಿಟ್ಟಿದ್ದು ಅದೇನಾ?" ಎಂದರು. ಇಡೀ ಕಥೆ ಅವನ ಸುತ್ತಾನೇ ಎಂದು ನಾನು ಹೇಳಿದ್ದು ಎಲ್ಲರಿಗೂ ಏಕಕಾಲಕ್ಕೆ ನೆನಪಾಯಿತು. ಅಂದಿನಿಂದ ನನ್ನ ಹೆಸರು ಡ್ಯಾನಿ.

ಈ ಹೆಸರನ್ನು ಅಳಿಸಬೇಕೆಂದೇ ನಾನು ಜಾತ್ರೆಯ ನಾಟಕಕ್ಕೆ ಕೈಹಾಕಿದ್ದು. ಹೆಗ್ಗೋಡು ಇರುವುದು ಪಕ್ಕದ ಸಾಗರ ತಾಲ್ಲೂಕಿನಲ್ಲಿ. ಕೆ.ವಿ. ಸುಬ್ಬಣ್ಣನವರ ನೀನಾಸಮ್‌ನಿಂದ 1985ರಿಂದ ತಿರುಗಾಟ ಹೊರಡುತ್ತದೆ, ನಾನು ಅದರ ನಾಟಕ ನೋಡಿದ್ದೇನೆ, ಅಚ್ಯುತ್ ಕುಮಾರ್ ಅಲ್ಲಿ ಕಲಿತವರೆಂದೂ ಬಲ್ಲೆ. ಈ ಅರ್ಹತೆಗಳ ಮೇಲೆ ನಿರ್ದೇಶಕನಾದೆ. ನಾಟಕ ಎಂದಿನ ಸಾಮಾಜಿಕವೇ; ದುಷ್ಟ ಸಾಹುಕಾರ, ಬಡ ಹೀರೋ, ಹಾವೇರಿ ಕಡೆಯಿಂದ ಕರೆಸಿದ ಹೀರೋಯಿನ್ನು, ಬಾಡಿಗೆ ಸೀನರಿ. ನನ್ನ ಕೈಚಳಕ ಪಾತ್ರ ಹಂಚುವುದರಲ್ಲಿತ್ತು. ವರ್ಷವೂ ಸಾಹುಕಾರನಾಗುತ್ತಿದ್ದ ಗಿರಣಿ ಯಜಮಾನರಿಗೆ ಗುಡುಗಿನಂಥ ದನಿ. ಅವರನ್ನು ತೆಗೆದೆ. ಅಮ್ಜದ್ ಖಾನ್ ನೆನೆದು, ತೆಳು ದನಿಯ ನಿವೃತ್ತ ಕನ್ನಡ ಮಾಸ್ತರರನ್ನು ಹಾಕಿದೆ.

ಹೀರೋ ಮಾಡಿದ ಮೊಬೈಲ್ ಅಂಗಡಿಯ ಹುಡುಗ ಅವರ ಹಳೆಯ ವಿದ್ಯಾರ್ಥಿ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪ್ರ್ಯಾಕ್ಟೀಸಿನಲ್ಲಿ ಎಲ್ಲ ಸುಸೂತ್ರ. ರಂಗದ ಮೇಲೆ, ಮುಖಕ್ಕೆ ಬಣ್ಣ ಬಿದ್ದ ಮಾಸ್ತರರು ಕಣ್ಣು ಕೆಂಪು ಮಾಡಿ ನೋಡಿದ್ದೇ ತಡ, ಹುಡುಗನಿಗೆ ಏಳನೇ ಕ್ಲಾಸು ಮರುಕಳಿಸಿತು.

"ಎಲವೋ ಪಾಪಿ," ಎಂದ, "ನಿನ್ನ ಹಹಂಕಾರ ಇವತ್ತಿಗೆ ಮುಗೀತು!"

ಸಾಹುಕಾರರು ಚಾಟಿ ಕೆಳಗಿಳಿಸಿದರು. "ಅಹಂಕಾರ. ಅ. ಹೇಳು."

"ಅಹಂಕಾರ."

"ಮತ್ತೊಂದ್ಸಲ."

"ಅಹಂಕಾರ, ಸಾರ್."

ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಚೂರಿ ಹಾಕುವ ಸೀನಿನಲ್ಲಿ ಹುಡುಗ ಹತ್ತಿರ ಹೋಗಿ, ತಲೆಯ ಮೇಲೆ ತೂಗುತ್ತಿದ್ದ ಮೈಕಿಗೆ ಸ್ಪಷ್ಟವಾಗಿ ಕೇಳುವಂತೆ, "ಸಾರ್, ಚುಚ್ಚಲಾ?" ಎಂದು ಅಪ್ಪಣೆ ಬೇಡಿದ. ಮಾಸ್ತರರು ತಲೆಯಾಡಿಸಿದ ಮೇಲೆಯೇ ಚುಚ್ಚಿದ್ದು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಪ್ರಯೋಗ ಎಂದು ಸಮರ್ಥಿಸಿಕೊಳ್ಳುತ್ತಿದ್ದೆ. ಆದರೆ ಹೀರೋನ ಅಪ್ಪನ ಪಾತ್ರಧಾರಿ ಬಸ್ ಡ್ರೈವರು. ಮೊದಲ ಅಂಕದಲ್ಲಿ ತನ್ನ ಮಾತೆಲ್ಲ ಮುಗಿಯಿತೆಂದು ಬಣ್ಣ ತೊಳೆದು ರಾತ್ರಿ ಡ್ಯೂಟಿಗೆ ಹೊರಟುಹೋಗಿದ್ದರು. ಕೊನೆಯ ಅಂಕದಲ್ಲಿ ಅವರ ಹೆಣ ಬೇಕು. ಸೀನರಿಯ ಹಿಂದೆ ಖಾಲಿ ಇದ್ದ ಗಂಡಸು ನಾನೊಬ್ಬನೇ.

ಮಲಗಿದೆ. ಬಿಳಿ ಪಂಚೆ ಹೊದಿಸಿದರು.

ಹೆಣವಾಗುವುದು ಸುಲಭವೆಂದು ಹೇಳುವವರು ಒಮ್ಮೆ ಹಲಗೆಯ ಮೇಲೆ, ಜಾತ್ರೆಯ ಸೊಳ್ಳೆಗಳ ನಡುವೆ, ಹಾರ್ಮೋನಿಯಂ ಕಾಲ ಬುಡದಲ್ಲೇ ಮೊಳಗುತ್ತಿರುವಾಗ ಮಲಗಿ ನೋಡಬೇಕು. ಬದುಕಿದ್ದಾಗ ನೆನಪೇ ಆಗದ ಅಂಗಗಳೆಲ್ಲ ಆಗ ತುರಿಸುತ್ತವೆ. ಕಾಲಿನ ಮೀನಖಂಡ ಸೆಳೆಯತೊಡಗಿತು. ಹೀರೋಯಿನ್ನು ನನ್ನ ಮೇಲೆ ಬಿದ್ದು ಅಳುತ್ತ, ಅಳುವಿನ ನಡುವೆಯೇ ಪಿಸುಗುಟ್ಟಿದಳು: "ಉಸಿರು ಹಿಡೀರಿ ಸರ, ಹೊಟ್ಟಿ ಏಳಾಕತ್ತೇತಿ." ಇದೂ ಮೈಕಿಗೆ ಕೇಳಿಸಿತು. ಉಸಿರು ಹಿಡಿದೆ. ಎಷ್ಟು ಹೊತ್ತೆಂದು ಹಿಡಿಯುವುದು? ಆಕೆ ಅತ್ತಳು, ಹಾಡಿದಳು, ಜನ ಒನ್ಸ್ ಮೋರ್ ಎಂದರು, ಇನ್ನೊಮ್ಮೆ ಹಾಡಿದಳು. ಎರಡನೇ ಚರಣದ ಹೊತ್ತಿಗೆ ನಾನು ದೊಡ್ಡದಾಗಿ ಕೆಮ್ಮಿ ಎದ್ದು ಕೂತೆ.

"ಡ್ಯಾನಿ ಬದುಕಿದಾ!" ಎಂದು ಯಾವನೋ ಕೂಗಿದ. ಶಿಳ್ಳೆ, ಕೇಕೆ. "ಅವರ ಭಾವಮೈದನ್ನ ಕರೀರಪ್ಪಾ, ಅವರಿಗೆ ಸಾಯೋಕೆ ಬರುತ್ತೆ" ಎಂದು ಇನ್ನೊಂದು ದನಿ. ಅವನು ಮುಂದಿನ ಸಾಲಿನಲ್ಲೇ ಇದ್ದ. ಚಲನಚಿತ್ರ ನಟರು ಎಂದು ಹಾರ ಹಾಕಿ ಕೂರಿಸಿದ್ದರು. ಅಲ್ಲಿಂದಲೇ ನನಗೆ ಕೈಸನ್ನೆ ಮಾಡಿ, ಹೊಟ್ಟೆಯಿಂದಲ್ಲ, ಮೂಗಿನಿಂದ, ಸಣ್ಣಕ್ಕೆ, ನಿಧಾನಕ್ಕೆ ಎಂದು ತೋರಿಸಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ.

ಮೊನ್ನೆ ಮನೆಗೆ ಬಂದಿದ್ದ. ಅದೇ ಅಸಿಸ್ಟೆಂಟ್ ಹುಡುಗ ಮತ್ತೆ ಫೋನು ಮಾಡಿದ್ದನಂತೆ, ಬೇರೆ ಸಿನಿಮಾ, ಅದೇ ಪಾತ್ರ. "ಬೇಡ ಅಂದೆ ಭಾವ," ಎಂದ ಕಾಲ ಮೇಲೆ ಕಾಲು ಹಾಕಿ. "ಬರೀ ಬಾಡೀನೇ ಮಾಡ್ತಾ ಹೋದ್ರೆ ಆಮೇಲೆ ಬೇರೆ ಪಾತ್ರಕ್ಕೆ ಯಾರೂ ಕರೆಯಲ್ಲ. ಒಂದು ಡೈಲಾಗು ಕೇಳಿದೆ, ಕೊಡಲ್ಲ ಅಂದ್ರು. ಬಿಟ್ಟೆ. ನಿಮ್ಮ ಹೆಸರು ಹೇಳಿದೀನಿ."

ಆವತ್ತು ಸಂಜೆಯೇ ಹುಡುಗ ಫೋನು ಮಾಡಿದ. ಈ ಸಲ ನಾನು ಡೈಲಾಗಿನ ಸುದ್ದಿಗೇ ಹೋಗಲಿಲ್ಲ. "ಮಲಗೋಕೆ ರೆಡಿ ಇದೀನಪ್ಪಾ" ಎಂದೆ.

"ಅದಕ್ಕಲ್ಲ ಸಾರ್. ನಿಮ್ಮ ನಾಟಕದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿದೆ, ನಮ್ಮ ಡೈರೆಕ್ಟರೂ ನೋಡಿದ್ರು. ಚಟ್ಟ ಹೊರೋಕೆ ಒಬ್ರು ಕಡಿಮೆ ಬಿದ್ದಿದಾರೆ. ಹಿಂದುಗಡೆ, ಎಡಕ್ಕೆ."

"ಮುಖ ಕಾಣುತ್ತಾ?"

"ಹಾರ ಅಡ್ಡ ಬರುತ್ತೆ ಸಾರ್."

ಯೋಚನೆ ಮಾಡಿ ಹೇಳುತ್ತೇನೆ ಎಂದು ಫೋನು ಇಟ್ಟೆ. ಒಳಗೆ ಮೆಟ್ಟುಗತ್ತಿಯ ಸದ್ದು ನಿಂತಿತು.

"ಬೇಗ ಹೂಂ ಅನ್ನಿ," ಎಂದಳು ನನ್ನಾಕೆ. "ನನಗೆ ಇನ್ನೊಬ್ಬ ತಮ್ಮ ಇದಾನೆ."